ಮೊದಲ ಕವಿತೆಗೆ ಎಷ್ಟು ದೂರ?

ಕವಿಯೊಬ್ಬರ ಜಾಲತಾಣ ತೆರೆದ ಕೂಡಲೇ ನನ್ನ ಬೆರಳು ಕವಿತೆಯನ್ನು ಹುಡುಕತೊಡಗುತ್ತದೆ. ಎಷ್ಟು ಸಲ ಒತ್ತಿದರೆ, ಎಷ್ಟು ಕೆಳಗೆ ಸರಿಸಿದರೆ ಮೊದಲ ಕವಿತೆ ಸಿಕ್ಕೀತು ಅನ್ನುವುದೇ ನನ್ನ ಮೊದಲ ಅಳತೆ. ಕಲಾವಿದರ ತಾಣವಾದರೆ ಮೊದಲ ಚಿತ್ರ, ಕಥೆಗಾರರದಾದರೆ ಮೊದಲ ಕಥೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ಊರುಗಳಲ್ಲಿ ಬರೆಯುವ, ಚಿತ್ರ ತೆಗೆಯುವ ಗೆಳೆಯರು ಈಚೆಗೆ ತಮ್ಮ ಹೆಸರಿನಲ್ಲೊಂದು ತಾಣ ಮಾಡಿಸಿಕೊಳ್ಳುತ್ತಿದ್ದಾರೆ. ಮಾಡಿಸಿದ ಮೇಲೆ ಅದರ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿ, "ಹೆಂಗಾಗೇತಿ, ನೋಡಿ ಹೇಳ್ರಿ ಸರ" ಎನ್ನುತ್ತಾರೆ. "ಭಾಳ ಚಲೋ ಆಗೇತಿ" ಎಂದು ಬರೆದು ಮುಗಿಸುವುದು ಸುಲಭ. ಆದರೆ ಕೇಳಿದವರು ತಮ್ಮ ಅರ್ಧ ಆಯುಷ್ಯದ ಕೆಲಸವನ್ನು ಅಲ್ಲಿ ತಂದಿಟ್ಟಿರುತ್ತಾರೆ. ಅದನ್ನು ಓದುಗನ ಕಣ್ಣಿನಿಂದ ನೋಡಿ, ಕಂಡದ್ದನ್ನು ಹೇಳುವುದು ಗೆಳೆತನಕ್ಕೆ ಸಲ್ಲಬೇಕಾದ ಮರ್ಯಾದೆ ಎಂದು ನಾನು ನಂಬಿದ್ದೇನೆ.

ಈ ಅಳತೆಯನ್ನು ನಾನು ಗಳಗನಾಥರಿಂದ ಕಲಿತೆ. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಆ ಹಿರಿಯರು 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿ, ಗಳಗೇಶ್ವರನ ಗುಡಿಯಿರುವ ಹಾವೇರಿ ತಾಲ್ಲೂಕಿನ ಗಳಗನಾಥ ಅವರ ಊರು. ಊರ ಹೆಸರೇ ಅವರಿಗೂ ನಿಂತಿತು. ಮುಂಬಯಿ ಪ್ರಾಂತದ ಈ ಭಾಗದಲ್ಲಿ ಓದು ಬರಹವೆಂದರೆ ಮರಾಠಿ ಎನ್ನುವಂತಿದ್ದ ಕಾಲದಲ್ಲಿ ಅವರು ಕನ್ನಡದಲ್ಲಿ ಕಾದಂಬರಿಗಳನ್ನು ಬರೆದರು. ಇಲ್ಲೇ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು. ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಬಾಗಿಲಿಗೆ ಬಂದ ಆ ಲೇಖಕರ ಕೈಯಲ್ಲಿ ಇದ್ದದ್ದು ಪುಸ್ತಕ. ಓದುಗನಿಗೂ ಪುಸ್ತಕಕ್ಕೂ ನಡುವೆ ಒಂದು ಹೊಸ್ತಿಲಿನಷ್ಟೇ ಅಂತರ ಉಳಿಯುವಂತೆ ಅವರು ನಡೆದರು. ಲೇಖಕರ ಜಾಲತಾಣಕ್ಕೆ ಇದಕ್ಕಿಂತ ದೊಡ್ಡ ಕೆಲಸ ಏನಿದೆ? ನಡೆಯುವ ಶ್ರಮವನ್ನು ಈಗ ತಂತಿಯೂ ಅಲೆಯೂ ವಹಿಸಿಕೊಂಡಿವೆ. ಹೊಸ್ತಿಲಿನ ಅಂತರವನ್ನು ಹೆಚ್ಚಿಸದೆ ಇರುವುದಷ್ಟೇ ನಮಗೆ ಉಳಿದಿರುವುದು.

ಆ ಹೊಸ್ತಿಲು ಎಲ್ಲಿದೆ ಎಂದು ಮೊದಲು ತಿಳಿಯಬೇಕು. ಹಾವೇರಿಯಲ್ಲಿ ರೈಲು ಹತ್ತಿದರೆ ಮೋಟೆಬೆನ್ನೂರಿನಲ್ಲಿರುವ ಬ್ಯಾಡಗಿ ಸ್ಟೇಷನ್, ಆಮೇಲೆ ದೇವರಗುಡ್ಡ, ಆಮೇಲೆ ರಾಣೆಬೆನ್ನೂರು. ಅಷ್ಟು ಹಾದಿಯಲ್ಲಿ ಡಬ್ಬಿಯೊಳಗೆ ಕಣ್ಣಾಡಿಸಿದರೆ ನಮ್ಮ ಓದುಗರು ಎಲ್ಲಿದ್ದಾರೆಂದು ಗೊತ್ತಾಗುತ್ತದೆ. ಕಾಲೇಜಿನ ಹುಡುಗಿ ಕಿಟಕಿಯ ಬಿಸಿಲಿಗೆ ಕೈ ಅಡ್ಡ ಹಿಡಿದು ಫೋನು ನೋಡುತ್ತಿರುತ್ತಾಳೆ. ಸಿಗ್ನಲ್ಲು ಬರುತ್ತದೆ, ಹೋಗುತ್ತದೆ. ಇವತ್ತಿನ ಡೇಟಾ ಎಷ್ಟು ಉಳಿದಿದೆ ಎಂಬ ಲೆಕ್ಕ ಅವಳ ತಲೆಯಲ್ಲಿರುತ್ತದೆ. ತಾಣ ಮಾಡಿಸಿದವರು ಅದನ್ನು ಕಂಪ್ಯೂಟರ್ ಅಂಗಡಿಯ ದೊಡ್ಡ ಪರದೆಯ ಮೇಲೆ, ಫ್ಯಾನಿನ ಕೆಳಗೆ ಕುಳಿತು ನೋಡಿ ಒಪ್ಪಿರುತ್ತಾರೆ. ಅವಳು ನೋಡುವುದು ಅಂಗೈಯಗಲದಲ್ಲಿ, ಬಿಸಿಲಿನಲ್ಲಿ, ಅವಸರದಲ್ಲಿ. ನಾನು ಯಾರ ತಾಣವನ್ನಾದರೂ ಪರೀಕ್ಷಿಸುವುದು ಅವಳ ಜಾಗದಲ್ಲಿ ಕುಳಿತು.

ಅಲ್ಲಿ ಕುಳಿತು ನೋಡಿದಾಗ ನಮ್ಮ ಕಡೆಯ ಬಹುತೇಕ ತಾಣಗಳು ಒಂದೇ ರೀತಿ ತೆರೆದುಕೊಳ್ಳುತ್ತವೆ. ಮೊದಲು ಒಂದಾದ ಮೇಲೊಂದು ಸರಿಯುವ ದೊಡ್ಡ ಫೋಟೊಗಳು: ಶಾಲು ಹೊದಿಸುತ್ತಿರುವುದು, ಹಾರ ಹಾಕುತ್ತಿರುವುದು, ಗಣ್ಯರ ಪಕ್ಕ ನಿಂತಿರುವುದು. ಕೆಳಗೆ ಹುಟ್ಟಿದ ದಿನಾಂಕದಿಂದ ತೊಡಗಿ ಪ್ರಶಸ್ತಿಗಳವರೆಗೆ ಉದ್ದನೆಯ ಪರಿಚಯ. ಅದರಾಚೆ ಪುಸ್ತಕಗಳ ಹೆಸರಿನ ಪಟ್ಟಿ. ಹೆಸರನ್ನು ಒತ್ತಿದರೆ ಮುಖಪುಟದ ಚಿತ್ರ ದೊಡ್ಡದಾಗುತ್ತದೆ, ಪುಸ್ತಕ ತೆರೆಯುವುದಿಲ್ಲ. ಓದಲು ಒಂದು ಸಾಲೂ ಸಿಗದೆ ಆ ಹುಡುಗಿ ಹಿಂದಕ್ಕೆ ಹೋಗುತ್ತಾಳೆ. ಸನ್ಮಾನದ ಸಂತೋಷ ನಿಜವಾದದ್ದು, ನಮ್ಮ ಊರುಗಳಲ್ಲಿ ಏಲಕ್ಕಿ ಹಾರ ಹಾಕಿಸಿಕೊಳ್ಳುವುದು ದೊಡ್ಡ ಗೌರವವೇ. ಆ ಗೌರವ ಬಂದದ್ದು ಬರಹದಿಂದ. ಹಾರ ಮುಂದೆ ಬಂದು ಬರಹ ಹಿಂದೆ ಉಳಿದರೆ ಕ್ರಮ ತಲೆಕೆಳಗಾಗುತ್ತದೆ.

ಹೀಗಾಗುವುದಕ್ಕೆ ಲೇಖಕರ ಆಸೆಯೊಂದೇ ಕಾರಣವಲ್ಲ. ನಮ್ಮಲ್ಲಿ ತಾಣ ಕಟ್ಟಿಕೊಡುವ ಹುಡುಗರಿಗೆ ಕೆಲಸ ಬರುವುದು ರಾಣೆಬೆನ್ನೂರಿನ ಬೀಜದ ಕಂಪನಿಗಳಿಂದ, ಬ್ಯಾಡಗಿಯ ಶೀತಲಗೃಹಗಳಿಂದ, ಶಾಲೆ ಕಾಲೇಜುಗಳಿಂದ. ಅವಕ್ಕೆ ಹೊಂದುವ ಒಂದು ಅಚ್ಚು ಸಿದ್ಧವಿರುತ್ತದೆ: ಮುಖಪುಟ, ನಮ್ಮ ಬಗ್ಗೆ, ಸೇವೆಗಳು, ಗ್ಯಾಲರಿ, ಸಂಪರ್ಕ. ಬೀಜದ ಕಂಪನಿಯನ್ನು ಹುಡುಕಿ ಬರುವವನಿಗೆ ಬೇಕಾದದ್ದು ವಿಶ್ವಾಸ ಮತ್ತು ಫೋನ್ ನಂಬರು, ಆ ಅಚ್ಚು ಅವೆರಡನ್ನೂ ಚೆನ್ನಾಗಿ ಒದಗಿಸುತ್ತದೆ. ಅದೇ ಅಚ್ಚಿನೊಳಗೆ ಕವಿಯನ್ನು ಕೂರಿಸಿದರೆ ಕವಿತೆಗೆ ಜಾಗವೇ ಇರುವುದಿಲ್ಲ. ರಾಣೆಬೆನ್ನೂರಿನ ಒಬ್ಬ ಹುಡುಗ ನನ್ನ ಗೆಳೆಯರೊಬ್ಬರ ತಾಣ ಕಟ್ಟುತ್ತ ಕುಳಿತಿದ್ದಾಗ ಕೇಳಿದ: "ಸರ, ಇವ್ರ ಕವಿತಾ ಎಲ್ಲಿ ಹಾಕೂಣ್ರಿ? ಗ್ಯಾಲರಿ ಒಳಗ ಹಾಕ್ಲ್ಯಾ?" ಪ್ರಾಮಾಣಿಕವಾದ ಪ್ರಶ್ನೆ. "ಮೊದಲನೇ ಪುಟದಾಗ ಒಂದು ಪೂರ್ತಿ ಕವಿತಾ ಹಾಕಪ್ಪಾ, ಉಳಿದದ್ದೆಲ್ಲಾ ಆಮ್ಯಾಲೆ" ಎಂದೆ. ಅವನು ಅಚ್ಚನ್ನು ಬದಿಗಿಟ್ಟು ಅರ್ಧ ತಾಸಿನಲ್ಲಿ ಹಾಗೇ ಮಾಡಿದ. ಕೈ ಚುರುಕಾಗಿತ್ತು, ಏನು ಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ತಾಣ ಕಟ್ಟುವವನ ಮುಂದೆ ಕೂರುವಾಗ ಲೇಖಕರು ಫೋಟೊಗಳ ಕಟ್ಟಿನ ಬದಲು ತಮ್ಮ ಅತ್ಯುತ್ತಮವಾದ ಐದು ಬರಹಗಳನ್ನು ಹಿಡಿದುಕೊಂಡು ಹೋಗಬೇಕು. ಅರ್ಧ ವಿನ್ಯಾಸ ಅಲ್ಲಿಗೇ ಮುಗಿಯುತ್ತದೆ.

ಪುಸ್ತಕದ ಪುಟಕ್ಕೂ ಇದೇ ಮಾತು. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗ ಮಳಿಗೆಗಳ ಸಾಲಿನಲ್ಲಿ ಜನ ಪುಸ್ತಕ ಕೊಳ್ಳುವುದನ್ನು ನೋಡುತ್ತ ನಿಂತಿದ್ದೆ. ಎತ್ತಿಕೊಂಡವರು ನಡುವೆ ಎಲ್ಲೋ ತೆರೆದು ಒಂದೆರಡು ಪುಟ ಓದುತ್ತಿದ್ದರು, ಹಿಂಬದಿಯ ಬೆಲೆ ನೋಡುತ್ತಿದ್ದರು, ಆಮೇಲೆ ಕೈ ಜೇಬಿಗೆ ಹೋಗುತ್ತಿತ್ತು. ತಾಣದಲ್ಲಿಯೂ ಓದುಗನಿಗೆ ಇಷ್ಟು ಅವಕಾಶ ಬೇಕು. ಒಂದು ಅಧ್ಯಾಯ, ಪ್ರಕಟವಾದ ವರ್ಷ, ಪ್ರಕಾಶಕರ ಹೆಸರು, ಪುಟಸಂಖ್ಯೆ, ಬೆಲೆ, ಈಗ ಎಲ್ಲಿ ಸಿಗುತ್ತದೆ, ಪ್ರತಿ ಮುಗಿದಿದ್ದರೆ ಮುಗಿದಿದೆ ಎಂಬ ಒಂದು ಮಾತು. ಇಷ್ಟಿದ್ದರೆ ಆ ಪುಟ ಪೂರ್ಣ.

ಇನ್ನು ಅಕ್ಷರ. ಕನ್ನಡದ ತಾಣಗಳು ಎಡವುವುದು ಹೆಚ್ಚಾಗಿ ಇಲ್ಲಿ, ಏಕೆಂದರೆ ಅಚ್ಚುಗಳೆಲ್ಲ ರೋಮನ್ ಲಿಪಿಗಾಗಿ ತಯಾರಾದವು. ನಮ್ಮ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಮೇಲೆ ಗುಡಿಸು, ತಲೆಕಟ್ಟು. ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ರಾಷ್ಟ್ರ, ಸ್ತ್ರೀ, ಶಾಸ್ತ್ರ ಎಂಬ ಪದಗಳನ್ನು ಬರೆದು ನೋಡಿದರೆ ಗೊತ್ತಾಗುತ್ತದೆ. ರೋಮನ್ ಅಕ್ಷರಕ್ಕೆ ಗೊತ್ತುಮಾಡಿದ ಸಾಲಂತರದಲ್ಲಿಯೇ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತಾಗುತ್ತದೆ, ಓದುವವನ ಕಣ್ಣು ಸಾಲು ತಪ್ಪುತ್ತದೆ. ಅಕ್ಷರದ ಎತ್ತರಕ್ಕೆ ಒಂದೂಮುಕ್ಕಾಲು ಪಾಲಿನಷ್ಟು ಸಾಲಂತರ ಕೊಟ್ಟರೆ ಪುಟ ಉಸಿರಾಡುತ್ತದೆ. ಶೀರ್ಷಿಕೆ ಅಗಲವಾಗಿ ಕಾಣಲೆಂದು ಅಕ್ಷರಗಳ ನಡುವೆ ಜಾಗ ಬಿಡಿಸುವುದು ರೋಮನ್ನಿನಲ್ಲಿ ಚೆಂದ. ಕನ್ನಡದಲ್ಲಿ ಅದರಿಂದ ಅಕ್ಷರಗಳ ಕೂಡುಗೆ ಹರಿಯುತ್ತದೆ. ದಪ್ಪ ಅಕ್ಷರವಿಲ್ಲದ ಲಿಪಿಗೆ ಬಲವಂತವಾಗಿ ದಪ್ಪ ಮಾಡಿದರೆ ಧ, ಫ, ಛ ಇವುಗಳ ಸೀಳು ತುಂಬಿಹೋಗಿ ಮಹಾಪ್ರಾಣ ಅಲ್ಪಪ್ರಾಣಗಳಿಗೆ ವ್ಯತ್ಯಾಸವೇ ಉಳಿಯುವುದಿಲ್ಲ. ಸಾಲಿನ ಎರಡೂ ಅಂಚು ಸಮ ಮಾಡುವ ಚಟ ಇನ್ನೊಂದು. ಸಂಧಿ ಸಮಾಸಗಳಿಂದ ನಮ್ಮ ಪದಗಳು ಉದ್ದ, ಫೋನಿನ ಸಾಲು ಗಿಡ್ಡ. ಒಂದು ಸಾಲಿನಲ್ಲಿ ಎರಡೇ ಪದ ಹಿಡಿದು, ಅವುಗಳ ನಡುವೆ ದೊಡ್ಡ ಕಂದಕ ಬೀಳುತ್ತದೆ. ಎಡಕ್ಕೆ ಹಚ್ಚಿ ಬಲವನ್ನು ಅದರ ಪಾಡಿಗೆ ಬಿಟ್ಟರೆ ಓದು ಸರಾಗ. ಕವಿತೆಯಲ್ಲಂತೂ ಸಾಲು ಎಲ್ಲಿ ಮುರಿಯಬೇಕೆಂದು ಕವಿಯೇ ನಿರ್ಧರಿಸಿರುತ್ತಾರೆ. ಪರದೆ ಕಿರಿದಾಗಿ ಸಾಲು ಮಡಚಿದರೂ ಮಡಚಿದ ಭಾಗ ಸ್ವಲ್ಪ ಒಳಗೆ ಸರಿದು ನಿಲ್ಲುವಂತೆ ಮಾಡಿ, ಇದು ಹಿಂದಿನ ಸಾಲಿನ ಮುಂದುವರಿಕೆ ಎಂದು ತೋರಿಸಬೇಕು.

ಒಳ್ಳೆಯ ಲಿಪಿ ಇಲ್ಲ ಎಂಬ ಮಾತು ಈಗ ಸಲ್ಲುವುದಿಲ್ಲ. 1996ರಲ್ಲಿ ಯು. ಬಿ. ಪವನಜರು ‘ವಿಶ್ವಕನ್ನಡ’ ತಾಣವನ್ನು ಅಂತರಜಾಲಕ್ಕೆ ತಂದಾಗ, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಾಗ, ಪರದೆಯ ಮೇಲೆ ಕನ್ನಡ ಮೂಡುವುದೇ ಸಾಧನೆಯಾಗಿತ್ತು. ಇವತ್ತು ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇಂಥವು ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ಸಿಗುತ್ತವೆ. ನಮ್ಮ ನೆರೆಯೂರಿನ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ ಎಂಬ ಲಿಪಿಯೂ ಇದೆ. ಕವಿತೆಗೆ ಒಂದು, ಶೀರ್ಷಿಕೆಗೆ ಒಂದು ಆರಿಸಿಕೊಂಡರೆ ಸಾಕು.

ಹಳೆಯ ‘ನುಡಿ’ ತಂತ್ರಾಂಶದ ಲಿಪಿಯಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳನ್ನು ಹಾಗೆಯೇ ತಾಣಕ್ಕೆ ಏರಿಸುವುದು ಮಾತ್ರ ನನಗೆ ನೋವು ತರುವ ಸಂಗತಿ. ಆ ಲಿಪಿಯಿಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದಕ್ಕೆ ಉಪಾಯವೆಂದು ಕವಿತೆಯ ಪುಟದ ಫೋಟೊ ತೆಗೆದು ಹಾಕುವವರಿದ್ದಾರೆ. ಆಗ ಕಣ್ಣಿಗೆ ಕಂಡೀತು, ಹುಡುಕಿದರೆ ಸಿಗದು. ಸು. ರಂ. ಎಕ್ಕುಂಡಿಯವರು ರಾಣೆಬೆನ್ನೂರಿನಲ್ಲಿ 1923ರಲ್ಲಿ ಹುಟ್ಟಿದವರು, ‘ಬಕುಳದ ಹೂವುಗಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಅದೇ ಊರಿನ ಹೈಸ್ಕೂಲ್ ಹುಡುಗ ಅವರ ಹೆಸರನ್ನು ಹುಡುಕಿದರೆ ಸಿಗಬೇಕಾದದ್ದು ಓದಲು ಬರುವ ಕನ್ನಡ, ಯುನಿಕೋಡಿನ ನಿಜವಾದ ಅಕ್ಷರ. ಹೆಸರುಗಳ ತೊಡಕೂ ಇಲ್ಲೇ ಇದೆ. ಇಂಗ್ಲಿಷಿನಲ್ಲಿ ಎಕ್ಕುಂಡಿ ಎಂದು ಒಬ್ಬರು ‘ಇ’ಯಿಂದ ಬರೆದರೆ ಇನ್ನೊಬ್ಬರು ‘ವೈ’ಯಿಂದ ಬರೆಯುತ್ತಾರೆ, ರಾಣೆಬೆನ್ನೂರು, ಬ್ಯಾಡಗಿ ಎರಡಕ್ಕೂ ಎರಡೆರಡು ಕಾಗುಣಿತ ಚಲಾವಣೆಯಲ್ಲಿವೆ. ಒಳ್ಳೆಯ ತಾಣ ಪರಿಚಯದ ಪುಟದಲ್ಲಿ ಕನ್ನಡದ ಹೆಸರಿನ ಜೊತೆಗೆ ರೂಢಿಯಲ್ಲಿರುವ ಎಲ್ಲ ರೂಪಗಳನ್ನೂ ಒಮ್ಮೆ ಬರೆದಿಟ್ಟಿರುತ್ತದೆ. ಯಾವ ದಾರಿಯಿಂದ ಬಂದವನೂ ಆಗ ಮನೆ ತಲುಪುತ್ತಾನೆ.

ಬಣ್ಣದ ವಿಷಯಕ್ಕೆ ಬಂದರೆ ನಮ್ಮವರಿಗೆ ಅರಿಶಿನ ಕುಂಕುಮದ ಮೇಲೆ ಪ್ರೀತಿ, ಅದು ಕನ್ನಡ ಬಾವುಟದ ಬಣ್ಣ. ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರದಲ್ಲಿ ಇಡೀ ಪ್ರಬಂಧ ಹಾಕಿದ ತಾಣಗಳನ್ನು ನೋಡಿದ್ದೇನೆ. ಜಾಲತಾಣಗಳು ಎಲ್ಲರಿಗೂ ಓದಲು ಬರುವಂತಿರಲಿ ಎಂದು ಲೋಕವೆಲ್ಲ ಒಪ್ಪಿದ ಒಂದು ಮಾನದಂಡವಿದೆ. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕಡೆಯಪಕ್ಷ 4.5ಕ್ಕೆ 1 ಇರಬೇಕು, ದೊಡ್ಡ ಶೀರ್ಷಿಕೆಗೆ 3ಕ್ಕೆ 1 ಸಾಕು ಎನ್ನುತ್ತದೆ ಅದು. ಬಿಳಿಯ ಮೇಲೆ ಕಪ್ಪಿಗೆ ಈ ಲೆಕ್ಕ 21ಕ್ಕೆ 1. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿಗೆ ಸುಮಾರು 3.7. ಅಂದರೆ ಹಣೆಪಟ್ಟಿಯ ಹೆಸರಿಗೆ ಬಾವುಟದ ಬಣ್ಣ ಒಪ್ಪುತ್ತದೆ, ಓದಬೇಕಾದ ಬರಹಕ್ಕೆ ಒಪ್ಪುವುದಿಲ್ಲ. ನಾಜೂಕಾಗಿ ಕಾಣಲೆಂದು ಬಿಳಿಯ ಮೇಲೆ ತಿಳಿಬೂದಿ ಅಕ್ಷರ ಇಡುವ ಹೊಸ ಶೋಕಿಯದು ಇನ್ನೂ ಕಷ್ಟ, ಅದರಲ್ಲಿ ಎಷ್ಟೋ ಮೂರನ್ನೂ ಮುಟ್ಟುವುದಿಲ್ಲ. ರೈಲಿನ ಕಿಟಕಿಯ ಬಿಸಿಲಿನಲ್ಲಿ ಆ ಅಕ್ಷರಗಳು ಇಲ್ಲವೇ ಇಲ್ಲ.

ಕಲಾವಿದರ ತಾಣಕ್ಕೆ ಬಣ್ಣವೇ ಬರಹ. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಡಬ್ಬಿ ತಳಿಯೇ ಇರಲಿ ಕಡ್ಡಿ ತಳಿಯೇ ಇರಲಿ, ಅದಕ್ಕೆ ಬೆಲೆ ಬರುವುದು ಖಾರಕ್ಕಿಂತ ಬಣ್ಣದಿಂದ. ಅದರಿಂದ ತೆಗೆದ ಬಣ್ಣ ತಿನಿಸುಗಳಿಗಷ್ಟೇ ಅಲ್ಲ, ತುಟಿರಂಗಿಗೂ ಹೋಗುತ್ತದೆ. ಕೆಂಪಿನಲ್ಲಿ ಎಷ್ಟು ಕೆಂಪುಗಳಿವೆ ಎಂದು ಬಲ್ಲ ಊರು ಅದು. ಅಂಥ ಊರಿನ ಚಿತ್ರಕಾರರೊಬ್ಬರು ಒಂದು ಚಿತ್ರದಲ್ಲಿ ತಿಂಗಳುಗಟ್ಟಲೆ ಹುಡುಕಿ ಹಿಡಿದ ಕೆಂಪು, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ಕಂದಾಗಿ, ಮೂಲೆಯಲ್ಲಿ ಗಾಜಿನ ಹೊಳಪು ಬಿದ್ದು ತಾಣದಲ್ಲಿ ಕೂತಿರುವುದನ್ನು ಕಂಡಾಗ ಮನಸ್ಸು ಹಿಂಡುತ್ತದೆ. ಚೌಕಟ್ಟು ಬಿಚ್ಚಿ, ಬೆಳಗಿನ ನೆರಳಿನಲ್ಲಿ, ಚಿತ್ರದ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ಆ ಬಿಳಿ ಬಿಳಿಯಾಗಿಯೇ ಬರುವಂತೆ ತೆಗೆದರೆ ಅದೇ ಫೋನು ನಿಜಕ್ಕೆ ಹತ್ತಿರದ ಬಣ್ಣ ಕೊಡುತ್ತದೆ. ಆಮೇಲೆ ಅದನ್ನು ಹಗುರ ಮಾಡಬೇಕು. ಫೋನಿನ ಫೋಟೊ ನಾಲ್ಕೈದು ಎಂಬಿ ತೂಗುತ್ತದೆ. ಹತ್ತು ಚಿತ್ರ ಹಾಗೇ ಏರಿಸಿದರೆ ಆ ಹುಡುಗಿಯ ಡೇಟಾದಲ್ಲಿ ನಲವತ್ತೈವತ್ತು ಎಂಬಿ ಹೋಯಿತು, ಪುಟ ತೆರೆಯುವ ಮೊದಲೇ ದೇವರಗುಡ್ಡ ದಾಟಿತು. ಅಗಲ 1600 ಚುಕ್ಕೆಗಳಿಗೆ ಇಳಿಸಿ ಮುನ್ನೂರು ಕೆಬಿಯೊಳಗೆ ತಂದರೆ ಫೋನಿನ ಮೇಲೆ ಕಣ್ಣಿಗೆ ಯಾವ ನಷ್ಟವೂ ಗೊತ್ತಾಗುವುದಿಲ್ಲ.

ಇನ್ನೊಂದು ಅಳತೆಯ ಪ್ರಶ್ನೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿಹೋದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಮನೆ, ದುಡಿಯುವ ಜನ, ದನಕರು ಎಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಅವುಗಳ ನಡುವೆ ನಡೆಯುವವನಿಗೆ ಅಳತೆ ತನ್ನ ಮೈಯಿಂದಲೇ ತಿಳಿಯುತ್ತದೆ, ಅದೇ ಅಲ್ಲಿಯ ಸೊಗಸು. ಪರದೆಯ ಮೇಲೆ ಆ ತಿಳಿವಳಿಕೆ ಮಾಯವಾಗುತ್ತದೆ. ಅಂಗೈಯಗಲದ ಕಿರುಚಿತ್ರವೂ ಗೋಡೆ ತುಂಬುವ ಭಿತ್ತಿಚಿತ್ರವೂ ಒಂದೇ ಚೌಕದಲ್ಲಿ ಕೂರುತ್ತವೆ. ಅದಕ್ಕೇ ಪ್ರತಿ ಚಿತ್ರದ ಕೆಳಗೆ ಹೆಸರು, ವರ್ಷ, ಮಾಧ್ಯಮ, ಉದ್ದಗಲ ಬರೆಯಲೇಬೇಕು. ಎಲ್ಲಾದರೂ ಒಂದು ಫೋಟೊದಲ್ಲಿ ಚಿತ್ರದ ಪಕ್ಕ ಒಬ್ಬ ಮನುಷ್ಯ ನಿಂತಿರಲಿ. ನಾನು ನೋಡಿದ ಕಲಾವಿದರ ತಾಣಗಳಲ್ಲಿ ಅತಿ ಹೆಚ್ಚು ಕಾಣೆಯಾಗಿರುವುದು ಈ ನಾಲ್ಕು ಮಾತಿನ ಒಂದು ಸಾಲು. ಅದನ್ನು ಬರೆಯಲು ದುಡ್ಡು ಬೇಡ, ತಂತ್ರಜ್ಞಾನವೂ ಬೇಡ.

ಚಿತ್ರದ ಕೆಳಗೆ ಕಾಣುವ ಸಾಲಿನ ಹಾಗೆ, ಕಾಣದ ಒಂದು ಸಾಲೂ ಇರುತ್ತದೆ. ಕಣ್ಣು ಕಾಣದವರ ಫೋನು, ಕಂಪ್ಯೂಟರುಗಳು ಪುಟವನ್ನು ಗಟ್ಟಿಯಾಗಿ ಓದಿ ಹೇಳುವಾಗ ಚಿತ್ರ ಬಂದಲ್ಲಿ ಆ ಸಾಲನ್ನು ಓದುತ್ತವೆ. ಬರೆದಿಲ್ಲದಿದ್ದರೆ ಬರೀ "ಚಿತ್ರ" ಎಂದೋ, ಅಂಕಿಗಳ ಕಡತದ ಹೆಸರನ್ನೋ ಹೇಳಿ ಮುಂದೆ ಹೋಗುತ್ತವೆ. "ಕೆಂಪು ಮೆಣಸಿನಕಾಯಿ ರಾಶಿಯ ನಡುವೆ ಕುಳಿತು ತೊಟ್ಟು ಬಿಡಿಸುತ್ತಿರುವ ಮೂವರು ಹೆಂಗಸರು, ಸಂಜೆಯ ಉದ್ದನೆಯ ನೆರಳು" ಎಂದು ಬರೆದಿದ್ದರೆ ಕೇಳುವವರ ಮನಸ್ಸಿನಲ್ಲಿಯೂ ಒಂದು ಚಿತ್ರ ಮೂಡುತ್ತದೆ. ಹಾವೇರಿ ಜಿಲ್ಲೆಯವರು ಇದನ್ನು ಮರೆಯಬಾರದು. ಗಾನಯೋಗಿ ಪಂಚಾಕ್ಷರ ಗವಾಯಿಗಳು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಇದೇ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿದವರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಬರೆದರು, 2010ರಲ್ಲಿ ಪದ್ಮಭೂಷಣ ಪಡೆದರು. ಗುರುವಿಗೂ ಶಿಷ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರಿಂದ ವಿದ್ಯೆ ಪಡೆದ ಅಂಧ ಮಕ್ಕಳಿಗೆ ಲೆಕ್ಕವಿಲ್ಲ. ಇಂಥ ಮಣ್ಣಿನ ಲೇಖಕರ, ಕಲಾವಿದರ ತಾಣ ಕಣ್ಣಿಲ್ಲದವರಿಗೆ ಮೂಕವಾಗಿರಬಾರದು. ಆಸ್ಟ್ರೇಲಿಯದ ಇಬ್ಬರು ಅಂಧ ಗೆಳೆಯರು ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಕಟ್ಟಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನು ಓದಿ ಹೇಳುತ್ತದೆ, ಆಂಡ್ರಾಯ್ಡ್ ಫೋನುಗಳೂ ಹೇಳುತ್ತವೆ. ಓದುವ ಯಂತ್ರ ಸಿದ್ಧವಿದೆ. ಓದಿಸಲು ನಿಜವಾದ ಅಕ್ಷರ ನಾವು ಇಡಬೇಕು. ಕವಿತೆಯನ್ನು ಫೋಟೊ ಮಾಡಿ ಹಾಕಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ದೊಡ್ಡ ಕಾರಣ ಇದೇ.

ಇಷ್ಟೆಲ್ಲ ಬೇಡಿಕೆ ಮುಂದಿಟ್ಟಾಗ "ಹಂಗ ಮಾಡಿದ್ದು ಒಂದಾದ್ರೂ ತೋರಸ್ರಿ" ಎನ್ನುವವರಿದ್ದಾರೆ. ನಾನು ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಕಡೆ ಕೈ ತೋರಿಸುತ್ತೇನೆ. ತುಂಗಭದ್ರೆಯ ದಂಡೆಯ ಆ ಊರು ಅಂಬಿಗರ ಚೌಡಯ್ಯನ ಊರು, ಮುಕ್ತೇಶ್ವರನ ಗುಡಿಯ ಊರು. ಹನ್ನೆರಡನೆಯ ಶತಮಾನದ ಆ ಅಂಬಿಗನಿಗೆ ಇವತ್ತು ಅಂತರಜಾಲದಲ್ಲಿ ಎಷ್ಟೋ ಜೀವಂತ ಲೇಖಕರಿಗಿಂತ ಒಳ್ಳೆಯ ನೆಲೆಯಿದೆ. ಓಂಶಿವಪ್ರಕಾಶ್ ಮತ್ತು ಗೆಳೆಯರು ಕಟ್ಟಿದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರದಷ್ಟು ವಚನಗಳಿವೆ. ಚೌಡಯ್ಯನ ಹೆಸರು ಒತ್ತಿದರೆ ಚೌಡಯ್ಯನ ವಚನಗಳು. ಒಂದು ಪದ ಕೊಟ್ಟು ಹುಡುಕಿದರೆ ಆ ಪದ ಯಾವ ಯಾವ ವಚನದಲ್ಲಿ ಬಂದಿದೆ ಎಂಬುದು. ದೋಣಿ ಎಂದು ಹುಡುಕುತ್ತ ಹೊರಟವನು ಅಲ್ಲಮನಲ್ಲಿಗೋ ಅಕ್ಕನಲ್ಲಿಗೋ ಹೋಗಿ ಸೇರಬಹುದು. ಅಲ್ಲಿ ಸರಿಯುವ ಫೋಟೊ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಬಂದವನ ಕೈಗೆ ನೇರವಾಗಿ ವಚನ ಬರುತ್ತದೆ. ಅದನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ: ಓದುಗ ಕೇಳುವ ಪ್ರಶ್ನೆಯನ್ನು ಮೊದಲು ಊಹಿಸಿದವರಿಗೆ ವಿನ್ಯಾಸ ತಾನಾಗಿ ಒದಗುತ್ತದೆ.

ಕೊನೆಯದಾಗಿ ನಾನು ನೋಡುವುದು ಪುಟದಲ್ಲಿ ಕಾಣದ ಸಂಗತಿ: ಈ ತಾಣ ಎಷ್ಟು ವರ್ಷ ಇರುತ್ತದೆ? ಅಂತರಜಾಲದ ಹೆಸರು ಯಾರಿಗೂ ಸ್ವಂತವಲ್ಲ, ಗೇಣಿಗೆ ಪಡೆದ ಜಾಗ. ಸಾಮಾನ್ಯ ಹೆಸರುಗಳನ್ನು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಬರೆಸಿಕೊಳ್ಳಬಹುದು. ನಮ್ಮಲ್ಲಿ ಬಹಳಷ್ಟು ಹೆಸರುಗಳು ತಾಣ ಕಟ್ಟಿದ ಹುಡುಗನ ಇಮೇಲಿನಲ್ಲಿ, ಒಂದು ವರ್ಷದ ಮಟ್ಟಿಗೆ ಬರೆಸಿದವು. ಹುಡುಗ ನೌಕರಿ ಸಿಕ್ಕು ಬೆಂಗಳೂರಿಗೆ ಹೋಗುತ್ತಾನೆ, ಪಾಸ್‌ವರ್ಡು ಅವನೊಡನೆ ಹೋಗುತ್ತದೆ, ಮುಂದಿನ ಯುಗಾದಿಗೆ ತಾಣ ಇರುವುದಿಲ್ಲ. ಜಿಯೋಸಿಟೀಸ್ ಎಂಬ ದೊಡ್ಡ ಸೇವೆ 2009ರಲ್ಲಿ ಮುಚ್ಚಿದಾಗ ಲಕ್ಷಗಟ್ಟಲೆ ಜನ ಕೈಯಾರೆ ಕಟ್ಟಿದ ಪುಟಗಳು ಒಟ್ಟಿಗೇ ಹೋದವು. ಅಂಥವನ್ನು ಉಳಿಸಲು ದುಡಿಯುವ ಇಂಟರ್‌ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ಒಂದಷ್ಟನ್ನು ಹಿಡಿದಿಟ್ಟವು. ಹೆಸರು ಲೇಖಕರ ಸ್ವಂತ ಇಮೇಲಿನಲ್ಲಿರಬೇಕು. ಮನೆಯಲ್ಲಿ ಇನ್ನೊಬ್ಬರಿಗೆ ಅದರ ಕೀಲಿ ಗೊತ್ತಿರಬೇಕು. ಬರಹಗಳ ಒಂದು ಪ್ರತಿ ಬೇರೆ ಕಡೆಯೂ ಇರಬೇಕು. ಇಂಡಿಯಾದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಅಷ್ಟು ಕಾಲ ಆ ಬರಹವನ್ನು ಯಾರು ಪ್ರಕಟಿಸಬಹುದು, ಯಾರನ್ನು ಕೇಳಬೇಕು ಎಂದು ತಾಣದಲ್ಲಿ ಒಂದು ಸಾಲು ಬರೆದಿಟ್ಟರೆ ಮುಂದೆ ಸಂಕಲನ ಮಾಡುವವರು, ಪಠ್ಯಕ್ಕೆ ಆರಿಸುವವರು ಕೈಮುಗಿಯುತ್ತಾರೆ. ಗಳಗನಾಥರ ಕೃತಿಗಳ ಹಕ್ಕಿನ ಅವಧಿ 2002ರ ಕೊನೆಗೇ ಮುಗಿದಿದೆ. ಅವರ ಕಾದಂಬರಿಗಳನ್ನು ಕರಡು ತಿದ್ದಿದ ಶುದ್ಧ ಯುನಿಕೋಡಿನಲ್ಲಿ, ಫೋನಿಗೆ ಒಪ್ಪುವ ಚೆಂದದ ಪುಟದಲ್ಲಿ ಕೊಡಲು ನಮ್ಮ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಗೆಳೆಯರಿಗೆ ನಾನು ಕೊನೆಗೆ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮನ್ನು ಅರಿಯದ ಯಾರಿಂದಲಾದರೂ, ಓಣಿಯ ಕಾಲೇಜು ಹುಡುಗನಿಂದಲೋ ಬಸ್ಸಿನ ಪಕ್ಕದ ಸೀಟಿನವರಿಂದಲೋ, ಅವರ ಫೋನಿನಲ್ಲಿಯೇ ನಿಮ್ಮ ತಾಣ ತೆರೆಸಿರಿ. ಏನೂ ವಿವರಿಸಬೇಡಿರಿ. ಐದು ನಿಮಿಷ ಬಿಟ್ಟು, "ಏನ್ ಓದಿದ್ರಿ?" ಎಂದು ಕೇಳಿರಿ. ನಿಮ್ಮ ಕವಿತೆಯ ಒಂದು ಸಾಲನ್ನೋ, ಕಥೆಯ ಒಂದು ಪಾತ್ರವನ್ನೋ, ಚಿತ್ರದ ಒಂದು ಬಣ್ಣವನ್ನೋ ಅವರು ಹೇಳಿದರೆ ನಿಮ್ಮ ತಾಣ ಗೆದ್ದಿತು, ಅದರಲ್ಲಿ ಉಳಿದ ಕುಂದುಗಳನ್ನು ನಿಧಾನವಾಗಿ ತಿದ್ದಬಹುದು. ನಿಮಗೆ ಎಷ್ಟು ಪ್ರಶಸ್ತಿ ಬಂದಿವೆ ಎಂದಷ್ಟೇ ಹೇಳಿದರೆ ಮುಖಪುಟವನ್ನು ಮೊದಲಿಂದ ಕಟ್ಟಬೇಕು. ಕಟ್ಟುವುದು ಕಷ್ಟವಲ್ಲ, ಲಿಪಿ ಉಚಿತ, ರಾಣೆಬೆನ್ನೂರಿನಲ್ಲಿ ಚುರುಕು ಕೈಯ ಹುಡುಗರಿದ್ದಾರೆ. ಬರೆದವರು ತಮ್ಮ ಬರಹವನ್ನು ತಮ್ಮ ಹೆಸರಿಗಿಂತ ಮುಂದೆ ನಿಲ್ಲಿಸಲು ಮನಸ್ಸು ಮಾಡಬೇಕು.